ಬಯಾಥ್ಲಾನ್: ತಪ್ಪಿದ ಒಂದು ಗುಂಡಿಗೆ ತೆರಬೇಕಾದ ಬೆಲೆ ಎಷ್ಟು?

ಪ್ರಶ್ನೆ: ಸ್ಕೀ ಓಟ ಮತ್ತು ರೈಫಲ್ ಶೂಟಿಂಗ್ ಎರಡೂ ಸೇರಿದ ಬಯಾಥ್ಲಾನ್‌ನ ವಿಶ್ವಕಪ್ ಸ್ಪರ್ಧೆಗಳನ್ನು ಈಚೆಗೆ ನೋಡಲು ಶುರುಮಾಡಿದ್ದೇನೆ. ಮಹಿಳೆಯರ ಸ್ಪ್ರಿಂಟ್‌ನಲ್ಲಿ ಎರಡು ಗುಂಡು ತಪ್ಪಿದವಳು ಗೆದ್ದಳು, ಹತ್ತಕ್ಕೆ ಹತ್ತೂ ಹೊಡೆದವಳು ಏಳನೆಯವಳಾದಳು. ಪುರುಷರ 20 ಕಿಲೋಮೀಟರ್ ಸ್ಪರ್ಧೆಯಲ್ಲಿ ನೋಡಿದರೆ ಎಲ್ಲರಿಗಿಂತ ವೇಗವಾಗಿ ಸ್ಕೀ ಮಾಡಿದವನಿಗೆ ಎರಡೇ ಗುಂಡು ತಪ್ಪಿದ್ದಕ್ಕೆ ಪದಕವೇ ಸಿಗಲಿಲ್ಲ. ಇದರ ಲೆಕ್ಕಾಚಾರ ಹೇಗೆ? ಪುರುಷರಿಗೂ ಮಹಿಳೆಯರಿಗೂ ನಿಯಮ ಒಂದೇನಾ? ನೋಡುವಾಗ ಯಾವುದರ ಮೇಲೆ ಕಣ್ಣಿಡಬೇಕು?

ಉತ್ತರ: ನೀವು ನೋಡಿದ ಎರಡೂ ಫಲಿತಾಂಶ ಸರಿಯಾಗೇ ಇವೆ. ಗೊಂದಲಕ್ಕೆ ಕಾರಣ, ಬಯಾಥ್ಲಾನ್‌ನಲ್ಲಿ ತಪ್ಪಿದ ಗುಂಡಿಗೆ ಒಂದೇ ದರ ಇಲ್ಲ. ಸ್ಪರ್ಧೆ ಬದಲಾದರೆ ದರವೂ ಬದಲಾಗುತ್ತದೆ. ಜೊತೆಗೆ, ಪರದೆಯ ಮೇಲೆ ಬರುವ ಐದು ಚುಕ್ಕೆಗಳು ಹೊಡೆತ ಬಿತ್ತೋ ಇಲ್ಲವೋ ಎಂದಷ್ಟೇ ಹೇಳುತ್ತವೆ. ಆ ಐದು ಗುಂಡಿಗೆ ಎಷ್ಟು ಸಮಯ ಖರ್ಚಾಯಿತು ಎಂಬುದು ಅಲ್ಲಿ ಕಾಣುವುದಿಲ್ಲ. ಹೊಸದಾಗಿ ನೋಡುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಎಲ್ಲ ಸ್ಪರ್ಧೆಗಳಿಗೂ ಸಮಾನವಾದದ್ದನ್ನು ನೋಡೋಣ. ಬೆನ್ನಿಗೆ ರೈಫಲ್ ಏರಿಸಿಕೊಂಡು ಹಿಮದ ಟ್ರ್ಯಾಕ್‌ನಲ್ಲಿ ಸ್ಕೀ ಮಾಡುತ್ತಾರೆ. ಕೊನೆಯದೊಂದನ್ನು ಬಿಟ್ಟು ಪ್ರತಿ ಸುತ್ತು ಮುಗಿದಾಗಲೂ ರೇಂಜಿಗೆ ಬಂದು ಐದು ಗುರಿಗಳಿಗೆ ಐದು ಗುಂಡು ಹಾರಿಸುತ್ತಾರೆ. ಗುರಿ ಇರುವುದು 50 ಮೀಟರ್ ದೂರದಲ್ಲಿ. ಮಲಗಿ ಹೊಡೆಯುವಾಗ ಲೆಕ್ಕಕ್ಕೆ ಬರುವ ವೃತ್ತದ ಅಡ್ಡಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ಗುಂಡು ಬಿದ್ದರೆ ಕಪ್ಪು ವೃತ್ತದ ಮೇಲೆ ಬಿಳಿ ಮುಚ್ಚಳ ಬೀಳುತ್ತದೆ. ರೈಫಲ್ ಪಾಯಿಂಟ್ 22 ಬೋರಿನದು, ಕನಿಷ್ಠ 3.5 ಕಿಲೋ ತೂಗಬೇಕು, ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಹಾಕುವಂತಿಲ್ಲ. ಸಣ್ಣ ರಂಧ್ರದೊಳಗಿಂದ ನೋಡಿ, ಮುಂದಿನ ಬಳೆಯ ನಡುವೆ ಗುರಿಯನ್ನು ಕೂರಿಸಬೇಕು. ಗುಂಡು ತಾನಾಗಿ ಲೋಡ್ ಆಗುವ ರೈಫಲ್‌ಗೂ ಅವಕಾಶವಿಲ್ಲ. ಪ್ರತಿ ಹೊಡೆತದ ನಂತರ ಬೋಲ್ಟನ್ನು ಕೈಯಲ್ಲೇ ಎಳೆದು ತಳ್ಳಬೇಕು.

45 ಮಿಲಿಮೀಟರ್ ಎಂದರೆ ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಹಿಂದಿನ ರಂಧ್ರಕ್ಕೂ ಮುಂದಿನ ಬಳೆಗೂ ನಡುವಿನ ಅಂತರ 70 ಸೆಂಟಿಮೀಟರ್ ಎಂದುಕೊಳ್ಳಿ. ನಳಿಗೆಯ ತುದಿ ನಡುಗೆರೆಯಿಂದ ಸುಮಾರು 0.3 ಮಿಲಿಮೀಟರ್ ಆಚೀಚೆ ಸರಿದರೆ ಸಾಕು, ಗುಂಡು 50 ಮೀಟರ್ ಆಚೆ ವೃತ್ತದ ಅಂಚಿಗೆ ಹೋಗಿಬಿಡುತ್ತದೆ. ನಿಂತು ಹೊಡೆಯುವಾಗ ಈ ಸಡಿಲು ಸುಮಾರು 0.8 ಮಿಲಿಮೀಟರ್. ದೊಡ್ಡ ಗುರಿ ಅಂದಮಾತ್ರಕ್ಕೆ ಸುಲಭ ಅಂದುಕೊಳ್ಳಬೇಡಿ. ಮಲಗಿದಾಗ ಎರಡೂ ಮೊಣಕೈ ನೆಲಕ್ಕೆ ಊರಿರುತ್ತವೆ, ರೈಫಲ್ಲಿನ ಪಟ್ಟಿ ತೋಳಿಗೆ ಬಿಗಿದಿರುತ್ತದೆ. ನಿಂತಾಗ ಆ ಪಟ್ಟಿಯ ಆಸರೆಯೂ ಇಲ್ಲ, ರೈಫಲ್ಲಿನ ಭಾರವನ್ನೆಲ್ಲ ಹೊರುವುದು ಸೊಂಟ ಮತ್ತು ಎಡ ಮೊಣಕೈ. ಅಷ್ಟರಲ್ಲಿ ಕಾಲು ನಡುಗಲು ಶುರುವಾಗಿರುತ್ತದೆ.

ಈಗ ದರಕ್ಕೆ ಬರೋಣ.

ಸ್ಪ್ರಿಂಟ್ ಪುರುಷರಿಗೆ 10 ಕಿಲೋಮೀಟರ್, ಮಹಿಳೆಯರಿಗೆ 7.5. ಮೂರು ಸುತ್ತು, ಎರಡು ಬಾರಿ ಶೂಟಿಂಗ್, ಮೊದಲು ಮಲಗಿ, ಆಮೇಲೆ ನಿಂತು. ತಪ್ಪಿದ ಪ್ರತಿ ಗುಂಡಿಗೆ ರೇಂಜಿನ ಪಕ್ಕದಲ್ಲೇ ಇರುವ 150 ಮೀಟರಿನ ದಂಡದ ಸುತ್ತನ್ನು ಒಮ್ಮೆ ಸುತ್ತಬೇಕು. ಒಳ್ಳೆಯ ಹಿಮದಲ್ಲಿ ಮುಂಚೂಣಿಯವರಿಗೆ ಇದಕ್ಕೆ ಸುಮಾರು 22ರಿಂದ 27 ಸೆಕೆಂಡ್ ಹಿಡಿಯುತ್ತದೆ. ಇಂಡಿವಿಜುವಲ್ ಸ್ಪರ್ಧೆ ಪುರುಷರಿಗೆ 20 ಕಿಲೋಮೀಟರ್, ಮಹಿಳೆಯರಿಗೆ 15. ನಾಲ್ಕು ಬಾರಿ ಶೂಟಿಂಗ್, ಮಲಗಿ, ನಿಂತು, ಮಲಗಿ, ನಿಂತು. ಇಲ್ಲಿ ದಂಡದ ಸುತ್ತು ಇಲ್ಲ. ತಪ್ಪಿದ ಪ್ರತಿ ಗುಂಡಿಗೆ ಒಂದು ನಿಮಿಷವನ್ನು ನೇರವಾಗಿ ಸಮಯಕ್ಕೆ ಸೇರಿಸುತ್ತಾರೆ. ಈಚಿನ ವರ್ಷಗಳಲ್ಲಿ ಇದರ ಚಿಕ್ಕ ರೂಪವೊಂದೂ ಬಂದಿದೆ, ಪುರುಷರಿಗೆ 15 ಮತ್ತು ಮಹಿಳೆಯರಿಗೆ 12.5 ಕಿಲೋಮೀಟರ್. ಅದರಲ್ಲಿ ದಂಡ 45 ಸೆಕೆಂಡ್.

ಇನ್ನು ನಿಮ್ಮ ಎರಡು ಸ್ಪರ್ಧೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ತನ್ನ ಎದುರಾಳಿಗಿಂತ ಕಿಲೋಮೀಟರಿಗೆ 5 ಸೆಕೆಂಡ್ ವೇಗ ಇದ್ದಾನೆ, ಎದುರಾಳಿಗೆ ಒಂದೂ ಗುಂಡು ತಪ್ಪಿಲ್ಲ ಎಂದುಕೊಳ್ಳೋಣ. 10 ಕಿಲೋಮೀಟರ್ ಸ್ಪ್ರಿಂಟ್‌ನಲ್ಲಿ ಅವನ ಗಳಿಕೆ 50 ಸೆಕೆಂಡ್. ದಂಡದ ಸುತ್ತಿಗೆ 24 ಸೆಕೆಂಡ್ ಹಿಡಿದರೆ ಎರಡು ಗುಂಡು ತಪ್ಪಿದರೂ ನಷ್ಟ 48. ಎರಡು ಸೆಕೆಂಡಿನಿಂದ ಗೆದ್ದ. ಅದೇ ಇಬ್ಬರು 20 ಕಿಲೋಮೀಟರ್ ಇಂಡಿವಿಜುವಲ್‌ಗೆ ಇಳಿದರೆ ಗಳಿಕೆ 100 ಸೆಕೆಂಡ್, ಎರಡು ಗುಂಡಿನ ನಷ್ಟ 120. ಇಪ್ಪತ್ತು ಸೆಕೆಂಡಿನಿಂದ ಸೋತ. ಕಾಲು ಅದೇ, ಕೈ ಅದೇ, ದರ ಬೇರೆ. ಹೀಗಾಗಿ ಸ್ಪ್ರಿಂಟ್ ವೇಗದವರಿಗೆ ಒಲಿಯುತ್ತದೆ, ಇಂಡಿವಿಜುವಲ್ ಗುರಿಕಾರರಿಗೆ ಒಲಿಯುತ್ತದೆ.

ಈ ದರ ಮೊದಲು ಇನ್ನೂ ಕಠಿಣವಾಗಿತ್ತು. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಬಯಾಥ್ಲಾನ್ ಒಲಿಂಪಿಕ್ಸ್‌ಗೆ ಬಂದಾಗ ಇದ್ದದ್ದು ಪುರುಷರ 20 ಕಿಲೋಮೀಟರ್ ಒಂದೇ, ತಪ್ಪಿದ ಗುಂಡಿಗೆ ಎರಡು ನಿಮಿಷ ದಂಡ. ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಸ್ಕೀ ವೇಗದಲ್ಲಿ 15ನೆಯವರಾಗಿದ್ದರು. ಆದರೆ ಇಪ್ಪತ್ತಕ್ಕೆ ಇಪ್ಪತ್ತೂ ಹೊಡೆದು ಚಿನ್ನ ಗೆದ್ದರು. ಇಂದಿನ ಸ್ಪ್ರಿಂಟ್‌ನ ದರದಲ್ಲಿ ಆ ಓಟವನ್ನು ಲೆಕ್ಕ ಹಾಕಿದ್ದರೆ ಫಲಿತಾಂಶದ ಪಟ್ಟಿಯ ರೂಪವೇ ಬೇರೆಯಾಗಿರುತ್ತಿತ್ತು.

ಸರಿ, ಹತ್ತಕ್ಕೆ ಹತ್ತು ಹೊಡೆದವಳು ಏಳನೆಯವಳಾದದ್ದು ಏಕೆ? ಸ್ಕೀ ವೇಗ ಕಡಿಮೆ ಇದ್ದದ್ದು ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ರೇಂಜಿನೊಳಗೆ ಕಳೆದ ಸಮಯ. ನನ್ನ ಪ್ರಕಾರ ಇಡೀ ಆಟದ ಅತ್ಯಂತ ಸ್ವಾರಸ್ಯದ ಭಾಗ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರೇಂಜಿಗೆ ಇನ್ನು ನೂರು ನೂರೈವತ್ತು ಮೀಟರ್ ಇರುವಾಗಲೇ ಆಟಗಾರ್ತಿ ವೇಗ ತುಸು ಇಳಿಸುತ್ತಾಳೆ. ಟ್ರ್ಯಾಕ್‌ನಲ್ಲಿ ನಿಮಿಷಕ್ಕೆ 170-180 ಬಡಿಯುತ್ತಿದ್ದ ಎದೆ ಸ್ವಲ್ಪವಾದರೂ ಇಳಿಯಲಿ ಎಂದು. ಒಳಗೆ ಬರುತ್ತಲೇ ಕಣ್ಣು ಗಾಳಿಯ ಬಾವುಟಗಳ ಮೇಲೆ. ಸ್ಪ್ರಿಂಟ್ ಮತ್ತು ಇಂಡಿವಿಜುವಲ್‌ನಲ್ಲಿ ಖಾಲಿ ಇರುವ ಯಾವ ಲೇನನ್ನಾದರೂ ಹಿಡಿಯಬಹುದು. ಲೇನ್‌ಗಳು ಒಟ್ಟು ಮೂವತ್ತು. ಮ್ಯಾಟ್ ಮುಟ್ಟುವ ಮೊದಲೇ ಕೋಲುಗಳ ಪಟ್ಟಿಯಿಂದ ಕೈ ಬಿಡಿಸಿಕೊಂಡಿರುತ್ತಾಳೆ. ಮ್ಯಾಟ್ ಮೇಲೆ ನಿಂತ ಮೇಲಷ್ಟೇ ರೈಫಲನ್ನು ಬೆನ್ನಿನಿಂದ ತೆಗೆಯಬಹುದು. ಅದಕ್ಕೂ ಮೊದಲೇ ತೆಗೆದರೆ ಸ್ಪರ್ಧೆಯಿಂದಲೇ ಹೊರಗೆ, ಏಕೆಂದರೆ ಅದು ಸುರಕ್ಷತೆಯ ನಿಯಮ. ಒಂದು ಕೈ ನಳಿಗೆಯ ತುದಿಯ ಹಿಮದ ಮುಚ್ಚಳ ತೆರೆಯುತ್ತಿದ್ದರೆ ಇನ್ನೊಂದು ಕೈ ಮ್ಯಾಗಜಿನ್ ಕಿತ್ತು ಒಳಗೆ ಕೂರಿಸುತ್ತದೆ. ಮೊಣಕಾಲೂರಿ, ಮಲಗಿ, ಪಟ್ಟಿಯ ಕೊಕ್ಕೆಯನ್ನು ತೋಳಿನ ಬಳೆಗೆ ಸಿಕ್ಕಿಸಿ, ಕೆನ್ನೆಯನ್ನು ಕಟ್ಟಿಗೆಗೆ ಒತ್ತಿ, ಎರಡು ಮೂರು ಉಸಿರು. ಆಮೇಲೆ ಮೊದಲ ಗುಂಡು.

ಮ್ಯಾಟಿಗೆ ಬಂದು ನಿಂತಲ್ಲಿಂದ ಈ ಮೊದಲ ಗುಂಡಿನವರೆಗೆ ಒಳ್ಳೆಯ ಆಟಗಾರರಿಗೆ ಸುಮಾರು 15 ಸೆಕೆಂಡ್. ಉಳಿದ ನಾಲ್ಕು ಗುಂಡು ತಲಾ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತವೆ: ಉಸಿರು ಬಿಡು, ಅರ್ಧಕ್ಕೆ ನಿಲ್ಲಿಸು, ಒತ್ತು, ಬೋಲ್ಟ್, ಮುಂದಿನ ಗುರಿ. ಬೋಲ್ಟನ್ನು ತೋರುಬೆರಳಿನಿಂದ ಹಿಂದಕ್ಕೆ, ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತಾರೆ. ಕೆನ್ನೆ ಅಲುಗುವುದಿಲ್ಲ, ಕಣ್ಣು ರಂಧ್ರ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಮುಂಚೂಣಿಯವರ ಶೂಟಿಂಗ್ 25 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಒಬ್ಬಾಕೆ ರೇಂಜಿನೊಳಗೆ ಪ್ರತಿ ಸಲ 48 ಸೆಕೆಂಡ್ ಕಳೆದು ಹೊರಟಳು, ಇನ್ನೊಬ್ಬಾಕೆ 60 ಸೆಕೆಂಡ್ ತೆಗೆದುಕೊಂಡಳು ಎನ್ನಿ. ಎರಡು ಶೂಟಿಂಗಿಗೆ ವ್ಯತ್ಯಾಸ 24 ಸೆಕೆಂಡ್, ಅಂದರೆ ಸರಿಯಾಗಿ ಒಂದು ದಂಡದ ಸುತ್ತು! ನಿಧಾನವಾಗಿ ಹತ್ತೂ ಹೊಡೆದವಳು ಪರದೆಯ ಮೇಲೆ ಕಾಣದ ಒಂದು ದಂಡವನ್ನು ಆಗಲೇ ಕಟ್ಟಿರುತ್ತಾಳೆ. ನಾಲ್ಕು ಶೂಟಿಂಗಿನ ಸ್ಪರ್ಧೆಯಾದರೆ ಅದು ಎರಡು ದಂಡ. ಆದ್ದರಿಂದ ಆತುರಪಟ್ಟರೆ ಗುಂಡು ತಪ್ಪುತ್ತದೆ, ತಡಮಾಡಿದರೆ ಸಮಯ ಹೋಗುತ್ತದೆ. ತಡಮಾಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಉಸಿರು ಹಿಡಿದು ತುಂಬ ಹೊತ್ತು ಗುರಿ ನೋಡುತ್ತಲೇ ಇದ್ದರೆ ಆಮ್ಲಜನಕ ಸಾಲದೆ ಕಣ್ಣು ಮಂಜಾಗುತ್ತದೆ, ಕೈ ನಡುಕ ಹೆಚ್ಚುತ್ತದೆ. ಐದು ಸೆಕೆಂಡ್ ದಾಟಿಯೂ ಗುಂಡು ಹಾರದಿದ್ದರೆ ಕಣ್ಣು ತೆಗೆದು, ಉಸಿರು ಎಳೆದು, ಮತ್ತೆ ಶುರುಮಾಡುವುದೇ ಸರಿ. ಅಷ್ಟು ಧೈರ್ಯ ಕೊನೆಯ ಶೂಟಿಂಗಿನಲ್ಲಿ ಎಲ್ಲರಿಗೂ ಬರುವುದಿಲ್ಲ.

ಗುಂಡು ಏಕೆ ತಪ್ಪಿತು ಎಂಬುದನ್ನೂ ಸ್ವಲ್ಪ ಅಭ್ಯಾಸವಾದರೆ ನೀವೇ ಊಹಿಸಬಹುದು. ಮಲಗಿ ಹೊಡೆಯುವಾಗ ಒಂದರ ಹಿಂದೆ ಒಂದರಂತೆ ಎರಡು ಮೂರು ತಪ್ಪಿ, ಅವೆಲ್ಲ ಒಂದೇ ಬದಿಗೆ ಹೋಗಿದ್ದರೆ ಅದು ಗಾಳಿಯ ಅಥವಾ ಸೈಟ್ (ರೈಫಲ್ ಮೇಲಿನ ಗುರಿ ಹಿಡಿಯುವ ಸಾಧನ) ಹೊಂದಾಣಿಕೆಯ ಕೆಲಸ. ಒಂದು ಮೇಲೆ, ಒಂದು ಪಕ್ಕಕ್ಕೆ ಚೆದುರಿದ್ದರೆ ಭಂಗಿ ಅಥವಾ ಉಸಿರಿನ ದೋಷ. ಮೊದಲ ಗುಂಡು ಮಾತ್ರ ತಪ್ಪಿದರೆ ಬಹುತೇಕ ಆತುರ, ಭಂಗಿ ಕೂರುವ ಮೊದಲೇ ಬೆರಳು ಎಳೆದಿರುತ್ತದೆ. ನಾಲ್ಕೂ ಬಿದ್ದು ಐದನೆಯದು ತಪ್ಪುವುದು ತೀರ ಸಾಮಾನ್ಯ: ಗುಂಡು ಹಾರುವ ಮೊದಲೇ ಮನಸ್ಸು ಎದ್ದು ಟ್ರ್ಯಾಕಿಗೆ ಹೋಗಿರುತ್ತದೆ, ಬೆರಳು ಟ್ರಿಗರನ್ನು ಒತ್ತುವ ಬದಲು ಜಗ್ಗುತ್ತದೆ.

ಗಾಳಿಯ ಪಾಲು ಸಣ್ಣದಲ್ಲ. ಈ ಗುಂಡಿನ ವೇಗಕ್ಕೂ ಮಿತಿ ಇದೆ, ನಳಿಗೆಯ ಬಾಯಲ್ಲಿ ಸೆಕೆಂಡಿಗೆ 380 ಮೀಟರ್ ಮೀರಬಾರದು. ಹಗುರ ಗುಂಡು, ಸಾಧಾರಣ ವೇಗ. ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದ ಅಡ್ಡಗಾಳಿ ಬೀಸಿದರೆ 50 ಮೀಟರಿನಲ್ಲಿ ಅದು ಸುಮಾರು 25 ಮಿಲಿಮೀಟರ್ ಸರಿಯುತ್ತದೆ. ಮಲಗಿ ಹೊಡೆಯುವ ಗುರಿಯ ನಡುವಿನಿಂದ ಅಂಚಿಗೆ ಇರುವುದೇ 22.5 ಮಿಲಿಮೀಟರ್. ಅಂದರೆ ನಡುವಿಗೆ ಕರಾರುವಾಕ್ಕಾಗಿ ಗುರಿಯಿಟ್ಟ ಗುಂಡೂ ಹೊರಗೆ ಹೋಗಬಹುದು. ಅದಕ್ಕೇ ಸ್ಪರ್ಧೆಗೆ ಮೊದಲು ಕಾಗದದ ಗುರಿಗಳ ಮೇಲೆ ಹೊಡೆದು ಸೈಟ್ ಹೊಂದಿಸಿಕೊಳ್ಳಲು ಸಮಯ ಕೊಡುತ್ತಾರೆ. ಕೋಚ್ ಹಿಂದೆ ದುರ್ಬೀನು ಹಾಕಿಕೊಂಡು ಗುಂಡು ಬಿದ್ದ ಜಾಗ ನೋಡಿ, ಇಷ್ಟು ಕ್ಲಿಕ್ ಎಡಕ್ಕೆ, ಇಷ್ಟು ಕೆಳಕ್ಕೆ ಎನ್ನುತ್ತಾರೆ. ಸೈಟಿನ ಗುಂಡಿಯನ್ನು ಅಷ್ಟು ಕ್ಲಿಕ್ ತಿರುಗಿಸಬೇಕು. ಆ ಹೊತ್ತಿನ ಗಾಳಿಗೆ ಮಾಡಿಕೊಂಡ ಹೊಂದಾಣಿಕೆ ಸ್ಪರ್ಧೆಯ ಹೊತ್ತಿಗೆ ಹಳೆಯದಾಗಿರಬಹುದು. ಮಲಗುವ ಮುನ್ನ ಅಥವಾ ಗುಂಡುಗಳ ನಡುವೆ ಆಟಗಾರ ಸೈಟಿನ ಮೇಲೆ ಕೈಯಾಡಿಸುವುದು ಕಂಡರೆ ಅವನು ಕ್ಲಿಕ್ ಬದಲಿಸುತ್ತಿದ್ದಾನೆ ಎಂದರ್ಥ. ಅದಕ್ಕೆ ಎರಡು ಮೂರು ಸೆಕೆಂಡ್ ಹೋಗುತ್ತದೆ, ಒಂದು ಗುಂಡು ಉಳಿದರೂ ಲಾಭವೇ. ಇನ್ನೊಂದು ದಾರಿ ಬಾವುಟ ಇಳಿಯುವವರೆಗೆ ಕಾಯುವುದು. ನಿಂತು ಹೊಡೆಯುವಾಗ ಗಾಳಿ ಗುಂಡನ್ನು ಸರಿಸುವುದಕ್ಕಿಂತ ಹೆಚ್ಚಾಗಿ ಆಟಗಾರನ ಮೈಯನ್ನೇ ತೂಗಿಸುತ್ತದೆ. ಅಲ್ಲಿ ಕ್ಲಿಕ್ ಹಾಕಿ ಪ್ರಯೋಜನವಿಲ್ಲ. ಗಾಳಿ ಮತ್ತು ಮಂಜಿಗೆ ಜರ್ಮನಿಯ ಓಬರ್‌ಹೋಫ್ ಹೆಸರುವಾಸಿ. ಅಲ್ಲಿನ ಫಲಿತಾಂಶಗಳಲ್ಲಿ ತಪ್ಪಿದ ಗುಂಡು ಹೆಚ್ಚಿದ್ದರೆ ಆಟಗಾರರನ್ನು ದೂರುವ ಮೊದಲು ಬಾವುಟ ನೋಡಿ.

ಹವೆ ಇನ್ನೊಂದು ರೀತಿಯಲ್ಲೂ ಫಲಿತಾಂಶ ತಿರುಗಿಸುತ್ತದೆ. ಸ್ಪ್ರಿಂಟ್ ಮತ್ತು ಇಂಡಿವಿಜುವಲ್‌ನಲ್ಲಿ ಒಬ್ಬೊಬ್ಬರನ್ನೇ 30 ಸೆಕೆಂಡಿಗೊಮ್ಮೆ ಬಿಡುತ್ತಾರೆ. ನೂರು ಜನ ಇದ್ದರೆ ಮೊದಲನೆಯವರಿಗೂ ಕೊನೆಯವರಿಗೂ ಸುಮಾರು 50 ನಿಮಿಷದ ಅಂತರ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಪುರುಷರ ಸ್ಪ್ರಿಂಟ್‌ನಲ್ಲಿ ಫ್ರಾನ್ಸಿನ ವಿನ್ಸೆಂಟ್ ಜೇ ಆರನೆಯವರಾಗಿ ಹೊರಟರು. ಆಮೇಲೆ ಭಾರಿ ತೇವದ ಹಿಮ ಸುರಿದು ಟ್ರ್ಯಾಕ್ ನಿಧಾನವಾಯಿತು. ಜೇ ಚಿನ್ನ ಗೆದ್ದರು, ನಂತರ ಹೊರಟ ನಾರ್ವೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ 17ನೆಯವರಾದರು. ಬ್ಯೋರ್ನ್‌ಡಾಲೆನ್ ಎಂದರೆ 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಇದ್ದ ನಾಲ್ಕೂ ಚಿನ್ನ ಗೆದ್ದವರು. ಜೇ ಹತ್ತಕ್ಕೆ ಹತ್ತೂ ಹೊಡೆದಿದ್ದರು, ಆ ಚಿನ್ನಕ್ಕೆ ಅವರು ಅರ್ಹರೇ. ಆದರೆ ಇಂಥ ದಿನದ ಪಟ್ಟಿಯನ್ನು ಹೊರಟ ಕ್ರಮಸಂಖ್ಯೆಯ ಜೊತೆಗೇ ಓದಬೇಕು. ಸ್ಕೀಗೆ ಹಚ್ಚುವ ವ್ಯಾಕ್ಸ್ ಕೂಡ ಇದೇ ಗುಂಪಿಗೆ ಸೇರಿದ್ದು. 2023-24ರ ಋತುವಿನಿಂದ ಫ್ಲೋರಿನ್ ಇರುವ ವ್ಯಾಕ್ಸ್ ನಿಷೇಧವಾದ ಮೇಲೆ ತೇವದ ಹಿಮದಲ್ಲಿ ಸರಿಯಾದ ಸ್ಕೀ ಆರಿಸುವುದು ತಂಡಗಳಿಗೆ ಇನ್ನೂ ಕಷ್ಟವಾಗಿದೆ.

ಪರ್ಸ್ಯೂಟ್ ಎಂಬ ಬೆನ್ನಟ್ಟುವ ಸ್ಪರ್ಧೆಯಲ್ಲಿ ಈ ಎಲ್ಲ ಸೆಕೆಂಡುಗಳು ಮುಂದಿನ ದಿನಕ್ಕೆ ಸಾಗುತ್ತವೆ. ಪುರುಷರಿಗೆ 12.5, ಮಹಿಳೆಯರಿಗೆ 10 ಕಿಲೋಮೀಟರ್. ಸ್ಪ್ರಿಂಟ್‌ನ ಮೊದಲ 60 ಮಂದಿಗೆ ಮಾತ್ರ ಅವಕಾಶ. ಸ್ಪ್ರಿಂಟ್‌ನಲ್ಲಿ 18 ಸೆಕೆಂಡ್ ಹಿಂದಿದ್ದವರು ಇಲ್ಲಿ ವಿಜೇತರ ಹಿಂದೆ 18 ಸೆಕೆಂಡ್ ಬಿಟ್ಟು ಹೊರಡುತ್ತಾರೆ. ಮೊದಲು ಗೆರೆ ದಾಟಿದವರೇ ಗೆದ್ದವರು, ಆದ್ದರಿಂದ ಹೊಸದಾಗಿ ನೋಡುವವರಿಗೆ ಇದಕ್ಕಿಂತ ಸುಲಭವಾದ ಸ್ಪರ್ಧೆ ಇಲ್ಲ. ಮಾಸ್ ಸ್ಟಾರ್ಟ್‌ನಲ್ಲಿ 30 ಮಂದಿ ಒಟ್ಟಿಗೆ ಹೊರಡುತ್ತಾರೆ, ಪುರುಷರಿಗೆ 15, ಮಹಿಳೆಯರಿಗೆ 12.5 ಕಿಲೋಮೀಟರ್. ಮೊದಲ ಶೂಟಿಂಗಿಗೆ ಬಿಬ್ (ಎದೆಯ ಮೇಲಿನ) ಸಂಖ್ಯೆಯ ಲೇನ್, ಆಮೇಲೆ ಬಂದ ಕ್ರಮದ ಲೇನ್. ಎರಡರಲ್ಲೂ ಎರಡು ಸಲ ಮಲಗಿ, ಆಮೇಲೆ ಎರಡು ಸಲ ನಿಂತು ಹೊಡೆಯಬೇಕು, ತಪ್ಪಿದರೆ 150 ಮೀಟರಿನ ಸುತ್ತು. ಇಲ್ಲಿ ದಂಡದ ಸುತ್ತಿಗೆ ಸಮಯದ ಆಚೆಗೂ ಒಂದು ಬೆಲೆ ಇದೆ. ಗುಂಪಿನಲ್ಲಿ ಮುಂದಿನವರ ಹಿಂದೆ ಗಾಳಿ ತಪ್ಪಿಸಿಕೊಂಡು ಬರುತ್ತಿದ್ದವರು ಸುತ್ತು ಮುಗಿಸಿ ಬರುವಷ್ಟರಲ್ಲಿ ಗುಂಪು ಹೋಗಿರುತ್ತದೆ. ಆ 24 ಸೆಕೆಂಡನ್ನು ಒಬ್ಬರೇ ಎದುರುಗಾಳಿಯಲ್ಲಿ ತುಂಬಿಕೊಳ್ಳಬೇಕು, ತುಂಬಿಕೊಂಡು ಬಂದವರು ಮುಂದಿನ ಶೂಟಿಂಗಿಗೆ ಏದುಸಿರಿನಲ್ಲೇ ನಿಲ್ಲುತ್ತಾರೆ. ಒಂದು ತಪ್ಪು ಇನ್ನೊಂದನ್ನು ಎಳೆದು ತರುವುದು ಹೀಗೆ. ಇಟಲಿಯ ಆಂಟೋಲ್ಜ್‌ನಂಥ, ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದ ತಾಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಒಮ್ಮೆ ಮಿತಿ ಮೀರಿದರೆ ಉಸಿರು ಮತ್ತೆ ಹತೋಟಿಗೆ ಬರಲು ಹೆಚ್ಚು ಹೊತ್ತು ಬೇಕು.

ರಿಲೇಯ ದರ ಮತ್ತೂ ಬೇರೆ. ನಾಲ್ವರು, ಪುರುಷರಿಗೆ ತಲಾ 7.5, ಮಹಿಳೆಯರಿಗೆ ತಲಾ 6 ಕಿಲೋಮೀಟರ್, ಒಬ್ಬೊಬ್ಬರಿಗೂ ಎರಡು ಶೂಟಿಂಗ್. ಐದು ಗುರಿಗೆ ಎಂಟು ಗುಂಡು ಸಿಗುತ್ತವೆ. ಐದು ಮ್ಯಾಗಜಿನ್‌ನಲ್ಲಿ, ಮೂರು ಬಿಡಿಯಾಗಿ. ಬಿಡಿ ಗುಂಡುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನಳಿಗೆಗೆ ಹಾಕಬೇಕು. ಕೈಗವಸು, ಚಳಿಗೆ ಮರಗಟ್ಟಿದ ಬೆರಳು, ಎರಡೂವರೆ ಸೆಂಟಿಮೀಟರಿನಷ್ಟೇ ಉದ್ದದ ಗುಂಡು! ಒಂದೊಂದಕ್ಕೂ ಏಳರಿಂದ ಹತ್ತು ಸೆಕೆಂಡ್ ಹೋಗುತ್ತದೆ. ಅಂದರೆ ರಿಲೇಯಲ್ಲಿ ಮೊದಲ ಮೂರು ತಪ್ಪುಗಳು ಅಗ್ಗ, ನಾಲ್ಕನೆಯದು ತುಂಬ ದುಬಾರಿ. ಮೂರು ಬಿಡಿ ಗುಂಡೂ ಮುಗಿದು, ಮೇಲೆ ದಂಡದ ಸುತ್ತೂ ಬಂದರೆ ಒಟ್ಟು ನಷ್ಟ ಐವತ್ತು ಸೆಕೆಂಡಿನ ಹತ್ತಿರ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ ರಿಲೇಯಲ್ಲಿ ರಷ್ಯಾ ಒಲಿಂಪಿಕ್ ಸಮಿತಿ ತಂಡದ ಎಡ್ವರ್ಡ್ ಲಾಟಿಪೊವ್ ಮುನ್ನಡೆಯಲ್ಲೇ ಕೊನೆಯ ಶೂಟಿಂಗಿಗೆ ಬಂದರು. ನಿಂತು ಹೊಡೆಯುವಾಗ ಬಿಡಿ ಗುಂಡುಗಳೂ ಸಾಲದೆ ದಂಡಕ್ಕೆ ಹೋದರು. ಚಿನ್ನ ನಾರ್ವೆಗೆ, ಬೆಳ್ಳಿ ಫ್ರಾನ್ಸಿಗೆ ಹೋಯಿತು, ಅವರ ತಂಡಕ್ಕೆ ಉಳಿದದ್ದು ಕಂಚು. ತಂಡ ಅಲ್ಲಿಯವರೆಗೆ ಮಾಡಿದ್ದ ಕೆಲಸ ಒಂದೇ ಮ್ಯಾಟ್ ಮೇಲೆ ಕರಗಿತು.

ಪುರುಷರೂ ಮಹಿಳೆಯರೂ ಒಂದೇ ತಂಡದಲ್ಲಿರುವ ಮಿಶ್ರ ರಿಲೇ 2005ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿದೆ, 2014ರ ಸೋಚಿಯಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಒಬ್ಬ ಪುರುಷ, ಒಬ್ಬ ಮಹಿಳೆ ಇಬ್ಬರೇ ಸರದಿಯಲ್ಲಿ ಓಡುವ ಸಿಂಗಲ್ ಮಿಶ್ರ ರಿಲೇ 2019ರಲ್ಲಿ ಚಾಂಪಿಯನ್‌ಷಿಪ್ ಸೇರಿತು. ಅದರಲ್ಲಿ ದಂಡದ ಸುತ್ತು 75 ಮೀಟರ್ ಮಾತ್ರ, ಟ್ರ್ಯಾಕ್ ಸುತ್ತುಗಳೂ ಚಿಕ್ಕವು. ಶೂಟಿಂಗ್ ಮೇಲೆ ಶೂಟಿಂಗ್ ಬರುವುದರಿಂದ ಕೈಚಳಕ ಇದ್ದವರು ಮೆರೆಯುತ್ತಾರೆ.

ಪುರುಷರಿಗೂ ಮಹಿಳೆಯರಿಗೂ ನಿಯಮ ಒಂದೇನಾ ಎಂದು ಕೇಳಿದ್ದೀರಿ. ದೂರ ಮಾತ್ರ ಬೇರೆ. ಗುರಿಯ ಅಳತೆ, ಅದರ ಅಂತರ, ರೈಫಲ್ಲಿನ ಕನಿಷ್ಠ ತೂಕ, ಟ್ರಿಗರ್, ದಂಡ ಎಲ್ಲವೂ ಒಂದೇ. ಇದರ ಪರಿಣಾಮವನ್ನು ಗಮನಿಸಿ. 55 ಕಿಲೋ ತೂಗುವ ಆಟಗಾರ್ತಿಗೂ 80 ಕಿಲೋ ತೂಗುವ ಆಟಗಾರನಿಗೂ ಬೆನ್ನಿನ ಮೇಲೆ ಅದೇ ಮೂರೂವರೆ ಕಿಲೋ. ದೇಹದ ತೂಕಕ್ಕೆ ಹೋಲಿಸಿದರೆ ಆಕೆ ಹೊರುವುದು ಸುಮಾರು ಶೇಕಡಾ 6.4, ಆತ ಹೊರುವುದು 4.4. ಏರುಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಫಿನ್ಲೆಂಡಿನ ಕೊಂಟಿಯೋಲಹ್ತಿಯಲ್ಲಿ ಗೋಡೆ ಎಂದೇ ಕರೆಯುವ ಕಡಿದಾದ ಏರಿದೆ. ಅದನ್ನು ಹತ್ತಿ ರೇಂಜಿಗೆ ಬರುವ ಆಟಗಾರ್ತಿಯರ ಮೊದಲ ಗುಂಡನ್ನು ನೋಡುವಾಗ ಈ ಲೆಕ್ಕ ನೆನಪಿರಲಿ. ಸ್ಪರ್ಧೆಗಳ ಬಾಗಿಲು ಮಹಿಳೆಯರಿಗೆ ತಡವಾಗಿ ತೆರೆಯಿತು ಎಂಬುದನ್ನೂ ಹೇಳಲೇಬೇಕು. ಪುರುಷರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1958ರಲ್ಲಿ ಆಸ್ಟ್ರಿಯಾದ ಸಾಲ್‌ಫೆಲ್ಡನ್‌ನಲ್ಲಿ ನಡೆದರೆ, ಮಹಿಳೆಯರದು 1984ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ. ಒಲಿಂಪಿಕ್ಸ್‌ಗೆ ಅವರು ಬಂದದ್ದು 1992ರ ಆಲ್ಬರ್ಟ್‌ವಿಲ್‌ನಲ್ಲಿ. ಅಲ್ಲಿ ಮಹಿಳೆಯರ ರಿಲೇಯಲ್ಲಿ ಮೂವರೇ ಇದ್ದರು, ಫ್ರಾನ್ಸ್ ಗೆದ್ದಿತು. ನಾಲ್ವರ ತಂಡ ಬಂದದ್ದು ಆಮೇಲೆ.

ಅಪರೂಪಕ್ಕೆ ನಡೆದರೂ ಸ್ಪರ್ಧೆಯನ್ನೇ ಮುಗಿಸಿಬಿಡುವ ಕೆಲವು ತಪ್ಪುಗಳಿವೆ. ದಂಡದ ಸುತ್ತು ಒಂದನ್ನು ಮರೆತರೆ ಎರಡು ನಿಮಿಷ ದಂಡ. ಐದೂ ಗುಂಡು ಹಾರಿಸದೆ ಎದ್ದು ಹೊರಟರೆ ಹಾರಿಸದ ಒಂದೊಂದಕ್ಕೂ ಎರಡು ನಿಮಿಷ. ರಿಲೇಯಲ್ಲಿ ಗುರಿ ಉಳಿದಿದ್ದರೂ ಬಿಡಿ ಗುಂಡು ಬಳಸದೆ ಹೋದರೂ ಹಾಗೆಯೇ. ಪಕ್ಕದ ಲೇನಿನ ಗುರಿಗೆ ಹೊಡೆದರೆ ಗುಂಡು ಎಷ್ಟೇ ಚೆನ್ನಾಗಿ ಬಿದ್ದರೂ ಹೊಡೆದವರ ಲೆಕ್ಕದಲ್ಲಿ ಅದು ತಪ್ಪೇ. ಮಲಗುವಾಗ ಮೈ ಸ್ವಲ್ಪ ಓರೆಯಾಗಿ ಕೂತರೆ ರಂಧ್ರದೊಳಗೆ ಕಾಣುವುದು ಪಕ್ಕದ ಐದು ವೃತ್ತಗಳು. ಎಲ್ಲ ಲೇನಿನದೂ ಒಂದೇ ಥರ ಇರುತ್ತವಲ್ಲ. ರೈಫಲ್ ಮುರಿದರೆ ತಂಡದ ಬದಲಿ ರೈಫಲ್ ಪಡೆಯಬಹುದು, ಆದರೆ ಹೋದ ಸಮಯ ವಾಪಸ್ ಸಿಗುವುದಿಲ್ಲ. ಗುರಿಯ ಯಂತ್ರವೇ ಕೆಟ್ಟಿದ್ದರೆ ಮಾತ್ರ ಆ ಸಮಯವನ್ನು ತೀರ್ಪುಗಾರರು ಕಳೆದುಕೊಡುತ್ತಾರೆ.

ಕೊನೆಗೆ, ನೀವು ನೋಡಿದ ಸ್ಪ್ರಿಂಟ್‌ನ ಉತ್ತರವನ್ನು ಫಲಿತಾಂಶದ ಪಟ್ಟಿಯಲ್ಲೇ ಹುಡುಕಿಕೊಳ್ಳುವ ಬಗೆ. ಹೆಸರಿನ ಮುಂದೆ 0+2 ಎಂದಿದ್ದರೆ ಮಲಗಿ ಹೊಡೆದಾಗ ಒಂದೂ ತಪ್ಪಿಲ್ಲ, ನಿಂತಾಗ ಎರಡು ತಪ್ಪಿವೆ. ನಾಲ್ಕು ಶೂಟಿಂಗಿನ ಸ್ಪರ್ಧೆಯಾದರೆ 1+0+0+2 ಎಂಬಂತೆ ನಾಲ್ಕು ಅಂಕಿ ಇರುತ್ತವೆ, ಕ್ರಮ ಶೂಟಿಂಗಿನ ಕ್ರಮವೇ. ರಿಲೇಯಲ್ಲಿ ಮಾತ್ರ ಇದೇ ಬರಹಕ್ಕೆ ಬೇರೆ ಅರ್ಥ. ಅಲ್ಲಿ 1+3 ಎಂದರೆ ಒಂದು ದಂಡದ ಸುತ್ತು, ಮೂರು ಬಿಡಿ ಗುಂಡು. ಇದಾದ ಮೇಲೆ ವಿಶ್ಲೇಷಣೆಯ ಪಟ್ಟಿ ತೆರೆಯಿರಿ. ಅದರಲ್ಲಿ ಟ್ರ್ಯಾಕಿನಲ್ಲಿ ಕಳೆದ ಸಮಯ, ರೇಂಜಿನೊಳಗೆ ಕಳೆದ ಸಮಯ, ಶೂಟಿಂಗಿಗೆ ಹಿಡಿದ ಸಮಯ, ದಂಡದ ಸುತ್ತಿನ ಸಮಯ ಬೇರೆ ಬೇರೆ ಕಾಲಂನಲ್ಲಿರುತ್ತವೆ. ಗೆದ್ದವಳ ಮತ್ತು ಏಳನೆಯವಳ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಕಾಲಂ ಕಾಲಂ ಕಳೆಯಿರಿ. ದಂಡದ ಕಾಲಂನಲ್ಲಿ ಗೆದ್ದವಳು ಐವತ್ತು ಸೆಕೆಂಡಿನಷ್ಟು ಹಿಂದಿರುತ್ತಾಳೆ. ಆ ಐವತ್ತನ್ನು ಅವಳು ಟ್ರ್ಯಾಕಿನಲ್ಲಿ ಎಷ್ಟು ಗಳಿಸಿದಳು, ಮ್ಯಾಟಿನ ಮೇಲೆ ಎಷ್ಟು ಗಳಿಸಿದಳು ಎಂಬುದು ಟ್ರ್ಯಾಕಿನ ಮತ್ತು ರೇಂಜಿನ ಕಾಲಂಗಳಲ್ಲಿದೆ.